ಇಂಟೆಲ್ ಎಎಕ್ಸ್210: ಲಿನಕ್ಸ್‌ಗೆ ಹೊಂದುವ ವೈಫೈ ಕಾರ್ಡ್

ಲಿನಕ್ಸ್‌ನಲ್ಲಿ ಸತಾಯಿಸುವ ಹಳೆಯ ಬ್ರಾಡ್‌ಕಾಮ್ ಕಾರ್ಡ್ ತೆಗೆದು ಹಾಕಿಕೊಳ್ಳಲು ಇದು ತುಂಬ ಒಳ್ಳೆಯ ಕಾರ್ಡ್. ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಇದೆ, 5.10 ಅಥವಾ ಅದಕ್ಕಿಂತ ಹೊಸ ಕರ್ನಲ್ ಇರಲಿ. ಕೊಳ್ಳುವಾಗ ಎಎಕ್ಸ್211 ಮಾತ್ರ ತರಬೇಡಿ. ನೋಡಲು ಒಂದೇ ಥರ ಇದ್ದರೂ ಅದು ಸಿಎನ್‌ವಿಐಓ2 (ಇಂಟೆಲ್‌ನದೇ ವೈಫೈ ಸಂಪರ್ಕ ವ್ಯವಸ್ಥೆ) ಇರುವ ಇಂಟೆಲ್ ಬೋರ್ಡ್‌ಗಳಲ್ಲಷ್ಟೇ ನಡೆಯುತ್ತದೆ, ಎಎಂಡಿ ಲ್ಯಾಪ್‌ಟಾಪ್‌ಗೆ ದಂಡ. ಆಂಟೆನಾ ತಂತಿಯ ತುದಿ ಬಲು ನಾಜೂಕು: ಮೇಲಿಂದ ನೇರವಾಗಿ ಒತ್ತಿ, ಟಕ್ ಎನ್ನಬೇಕು. ಓರೆಯಾಗಿ ಒತ್ತಿದರೆ ತುದಿ ಅಗಲವಾಗಿ ಸಿಗ್ನಲ್ ಕುಸಿಯುತ್ತದೆ.

ಹಾಕಿದ ಮೇಲೂ ನೆಟ್‌ವರ್ಕ್ ಕಾಣದಿದ್ದರೆ ಟರ್ಮಿನಲ್‌ನಲ್ಲಿ ‘ಆರ್‌ಎಫ್‌ಕಿಲ್ ಲಿಸ್ಟ್’ (rfkill list) ಕಮಾಂಡ್ ಕೊಡಿ. ಸಾಫ್ಟ್ ಬ್ಲಾಕ್ (ಸಾಫ್ಟ್‌ವೇರ್ ವೈಫೈಯನ್ನು ತಡೆದಿರುವುದು) ಇದ್ದರೆ ‘ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ’ (rfkill unblock wifi) ಕೊಡಿ. ಕರ್ನಲ್ ಲಾಗ್‌ನಲ್ಲಿ ಫರ್ಮ್‌ವೇರ್ (ಕಾರ್ಡ್ ಒಳಗೆ ಓಡುವ ತಂತ್ರಾಂಶ) ಸಿಗಲಿಲ್ಲ ಎಂದಿದ್ದರೆ ಡೆಬಿಯನ್ ಲಿನಕ್ಸ್ ಬಳಸುವವರು ‘ಫರ್ಮ್‌ವೇರ್-ಐಡಬ್ಲ್ಯೂಎಲ್‌ವೈಫೈ’ (firmware-iwlwifi) ಪ್ಯಾಕೇಜ್ ಹಾಕಿ ರೀಬೂಟ್ ಮಾಡಬೇಕು. ಬೇಸರದ ಸಂಗತಿ ಒಂದೇ: 5 ಗಿಗಾಹರ್ಟ್ಸ್‌ನಲ್ಲಿ ಹಾಟ್‌ಸ್ಪಾಟ್ ಸಾಮಾನ್ಯವಾಗಿ ಏಳುವುದಿಲ್ಲ.