ಕಿಲಿಮಂಜಾರೋ ಮಚಾಮೆ ದಾರಿ: ಆರು ದಿನದ ಪ್ಯಾಕೇಜ್ ಬೇಡ, ಏಳು ದಿನದ್ದನ್ನೇ ಕೊಳ್ಳಿ

ಟಾಂಜಾನಿಯಾದ ಕಿಲಿಮಂಜಾರೋ ಬೆಟ್ಟದ ತುದಿಯಾದ ಉಹುರು ಶಿಖರ 5,895 ಮೀಟರ್ ಎತ್ತರದಲ್ಲಿದೆ. ಮಚಾಮೆ ದಾರಿಯಲ್ಲಿ ಹಗ್ಗವಾಗಲಿ ಹಿಮದಲ್ಲಿ ನಡೆಯಲು ಬೂಟಿಗೆ ಕಟ್ಟುವ ಮುಳ್ಳುಗಳಾಗಲಿ (ಕ್ರಾಂಪಾನ್) ಬೇಕಿಲ್ಲ, ನಡೆದೇ ತುದಿ ಮುಟ್ಟಬಹುದು. ಹಾಗೆಂದು ಕುಮಾರಪರ್ವತ ಹತ್ತಿಳಿಯುವ ಕಾಲುಗಳಿದ್ದರೆ ಸಾಕು ಎಂದು ಹೊರಡಬೇಡಿ. ಇಲ್ಲಿ ಅರ್ಧದಿಂದ ಹಿಂದಿರುಗುವವರಲ್ಲಿ ಹೆಚ್ಚಿನವರನ್ನು ಸೋಲಿಸುವುದು ತೆಳುಗಾಳಿ. ತುದಿಯಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಅರ್ಧದಷ್ಟು ಮಾತ್ರ. ಅದಕ್ಕೆ ದೇಹ ಒಗ್ಗಲು ದಿನಗಳು ಬೇಕು. ಪ್ಯಾಕೇಜಿನಲ್ಲಿ ನಾವು ದುಡ್ಡು ಕೊಟ್ಟು ಕೊಳ್ಳುವುದು ಮುಖ್ಯವಾಗಿ ಆ ದಿನಗಳನ್ನೇ.

ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಮಚಾಮೆ ಗೇಟು ಇರುವುದೇ ಸುಮಾರು 1,800ರಲ್ಲಿ. ಮೊದಲ ದಿನ ಮಳೆಕಾಡಿನ ಕೆಸರಿನಲ್ಲಿ ಹನ್ನೊಂದು ಕಿಲೋಮೀಟರ್ ನಡೆದು ಮಲಗುವಾಗ 2,800 ದಾಟಿರುತ್ತೀರಿ. ಎರಡನೇ ರಾತ್ರಿ ಶಿರಾ ಕ್ಯಾಂಪು, 3,800ರ ಆಸುಪಾಸು. ಈ ದಾರಿಯ ಜಾಣತನ ಕಾಣುವುದು ಮೂರನೇ ದಿನ. ಮಧ್ಯಾಹ್ನ 4,600 ಮೀಟರ್‌ನ ಲಾವಾ ಟವರ್ ಎಂಬ ಬಂಡೆಯವರೆಗೆ ಏರಿ, ಸಂಜೆ 3,950ರ ಬರಾಂಕೋ ಕ್ಯಾಂಪಿಗೆ ಇಳಿಯುತ್ತೀರಿ. ಹಗಲು ಮೇಲಿದ್ದು ರಾತ್ರಿ ಕೆಳಗೆ ಮಲಗಿದರೆ ದೇಹ ಬೇಗ ಒಗ್ಗುತ್ತದೆ. ಅಂದು ಲಾವಾ ಟವರ್‌ನಲ್ಲಿ ತಲೆ ಸಿಡಿದರೆ ಗಾಬರಿ ಬೇಡ. ಇಳಿದ ಮೇಲೂ ಬಿಡದೆ ಹೆಚ್ಚುತ್ತಾ ಹೋದರೆ ಮಾತ್ರ ಯೋಚಿಸಬೇಕು. ಬೇಗ ಮುಗಿಸಲೆಂದು ಟವರ್ ತಪ್ಪಿಸಿ ಕೆಳದಾರಿಯಲ್ಲಿ ಕರೆದೊಯ್ಯುವ ಗೈಡ್‌ಗಳೂ ಇದ್ದಾರೆ. ಮೈ ಚೆನ್ನಾಗಿದ್ದರೆ ಒಪ್ಪಬೇಡಿ.

ಆರಕ್ಕೂ ಏಳಕ್ಕೂ ವ್ಯತ್ಯಾಸ ಬರುವುದು ನಾಲ್ಕನೇ ದಿನ. ಬರಾಂಕೋ ಗೋಡೆ ಎಂಬ ಕಡಿದಾದ ಬಂಡೆಯೇರು ಹತ್ತಿದ ಮೇಲೆ ಏಳು ದಿನದವರು 4,000 ಮೀಟರ್‌ನ ಕರಂಗಾದಲ್ಲಿ ತಂಗುತ್ತಾರೆ. ಮಾರನೆಯ ದಿನ ಕೆಲವೇ ಗಂಟೆ ನಡೆದು ಮಧ್ಯಾಹ್ನದ ಊಟದ ಹೊತ್ತಿಗೆ ಬರಾಫು ಕ್ಯಾಂಪು ತಲುಪಿ, ಸಂಜೆವರೆಗೆ ಮಲಗಬಹುದು. ಆರು ದಿನದವರು ಕರಂಗಾದಲ್ಲಿ ಊಟ ಮುಗಿಸಿ ಅದೇ ದಿನ 4,650ರ ಬರಾಫುವಿಗೆ ಏದುಸಿರು ಬಿಡುತ್ತಾ ಬಂದು, ನಿದ್ದೆಯಿಲ್ಲದೆ ಮಧ್ಯರಾತ್ರಿಗೆ ಶಿಖರಕ್ಕೆ ಹೊರಡುತ್ತಾರೆ. ಒಂದು ದಿನ ಕಡಿಮೆ ಮಾಡಿ ಉಳಿಸುವ ಹಣ ಸಾಮಾನ್ಯವಾಗಿ 150ರಿಂದ 250 ಡಾಲರ್. ವಿಮಾನದ ಟಿಕೆಟ್ಟಿಗೇ ಅದರ ಹಲವು ಪಟ್ಟು ಸುರಿದಿರುವಾಗ ಈ ಉಳಿತಾಯಕ್ಕೆ ಅರ್ಥವಿಲ್ಲ.

ಬೆಲೆಯ ಲೆಕ್ಕವನ್ನು ನೀವೇ ಹಾಕಿ ನೋಡಬಹುದು. ಕಿಲಿಮಂಜಾರೋ ರಾಷ್ಟ್ರೀಯ ಉದ್ಯಾನದ ಪ್ರವೇಶ ದಿನಕ್ಕೆ 70 ಡಾಲರ್, ಕ್ಯಾಂಪು ರಾತ್ರಿಗೆ 50, ರಕ್ಷಣಾ ಶುಲ್ಕ ಇಡೀ ಚಾರಣಕ್ಕೆ 20, ಮೇಲೆ ಶೇ. 18 ತೆರಿಗೆ. ಏಳು ದಿನ ಆರು ರಾತ್ರಿಗೆ ಸುಮಾರು 955 ಡಾಲರ್ ಸರ್ಕಾರಕ್ಕೇ ಹೋಗುತ್ತದೆ. ದರ ಆಗಾಗ ಬದಲಾಗುವುದರಿಂದ ಹೊರಡುವ ಮುನ್ನ ಇನ್ನೊಮ್ಮೆ ಕೇಳಿಕೊಳ್ಳಿ. ಉಳಿದ ಹಣದಲ್ಲಿ ಗೈಡ್, ಸಹಾಯಕ ಗೈಡ್, ಅಡುಗೆಯವರು, ತಲೆಗೆ ಮೂರು-ನಾಲ್ಕು ಪೋರ್ಟರ್‌ಗಳು, ಊಟ, ಟೆಂಟು, ಗಾಡಿ ಎಲ್ಲವೂ ಆಗಬೇಕು. ಇಡೀ ಪ್ಯಾಕೇಜು 1,300 ಡಾಲರ್‌ಗೆ ಎಂದರೆ ಯಾರದೋ ಕೂಲಿಗೆ ಕತ್ತರಿ ಬಿದ್ದಿದೆ ಎಂದೇ ತಿಳಿಯಿರಿ. ಪೋರ್ಟರ್ ಒಬ್ಬರ ಹೊರೆ 20 ಕಿಲೋ ಮೀರಬಾರದು, ಗೇಟಿನಲ್ಲಿ ತಕ್ಕಡಿಯಿದೆ. ಅದರಲ್ಲಿ ನಿಮ್ಮ ಡಫಲ್ ಬ್ಯಾಗಿನ ಪಾಲು 15 ಕಿಲೋ. ಪೋರ್ಟರ್‌ಗಳ ಕೂಲಿ, ಊಟ, ಬಟ್ಟೆಯ ಮೇಲೆ ಕಣ್ಣಿಡುವ ಕೆಪ್ಯಾಪ್ ಎಂಬ ಸಂಸ್ಥೆ ಮೋಶಿ ಪಟ್ಟಣದಲ್ಲಿದೆ. ಕಂಪನಿ ಅದರ ಪಾಲುದಾರರ ಪಟ್ಟಿಯಲ್ಲಿದೆಯೇ ಎಂದು ಬುಕ್ ಮಾಡುವ ಮೊದಲೇ ನೋಡಿ. ಮೇಲೆ ನಮ್ಮನ್ನು ಬೆಚ್ಚಗಿಡುವವರು ಚಳಿಯಲ್ಲಿ ತೆಳು ಅಂಗಿಯಲ್ಲಿ ಮಲಗುವುದನ್ನು ಯಾವ ರಿಯಾಯಿತಿಯೂ ಸಮರ್ಥಿಸುವುದಿಲ್ಲ.

ಗೈಡ್ ಒಳ್ಳೆಯವರೋ ಅಲ್ಲವೋ ಎಂಬುದು ಬೆಳಗ್ಗೆ ಸಂಜೆಯ ತಪಾಸಣೆಯಲ್ಲಿ ಗೊತ್ತಾಗುತ್ತದೆ. ಬೆರಳಿಗೆ ಆಕ್ಸಿಮೀಟರ್ ಇಟ್ಟು ಅಂಕಿ ಬರೆದುಕೊಂಡರಷ್ಟೇ ಸಾಲದು. ತಲೆನೋವು, ವಾಂತಿ, ಹಸಿವು, ನಿದ್ದೆ ಎಲ್ಲವನ್ನೂ ಕೇಳಬೇಕು. ಅನುಮಾನ ಬಂದರೆ ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಹೆಬ್ಬೆರಳು ತಾಗಿಸುತ್ತಾ ಗೆರೆಯ ಮೇಲೆ ನಡೆಸಿ ನೋಡಬೇಕು. ತೂರಾಡಿದರೆ ಮಿದುಳಿನಲ್ಲಿ ನೀರು ತುಂಬುತ್ತಿರಬಹುದು. ಸುಮ್ಮನೆ ಕುಳಿತಾಗಲೂ ಏದುಸಿರು, ನೊರೆಕಫ ಬಂದರೆ ಶ್ವಾಸಕೋಶದ ತೊಂದರೆ. ಎರಡಕ್ಕೂ ಮದ್ದು ಒಂದೇ: ರಾತ್ರಿಯಾದರೂ ಸರಿ, ಕೂಡಲೇ ಇಳಿಯುವುದು. ತುರ್ತು ಆಮ್ಲಜನಕದ ಸಿಲಿಂಡರ್ ಇದೆಯೇ, ಶಿಖರದ ರಾತ್ರಿ ಇಬ್ಬರಿಗೊಬ್ಬ ಗೈಡ್ ಇರುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಿ. ಗೈಡ್ ಒಬ್ಬರೇ ಇದ್ದರೆ, ಒಬ್ಬರಿಗೆ ಹುಷಾರು ತಪ್ಪಿದಾಗ ಎಲ್ಲರೂ ಇಳಿಯಬೇಕಾದೀತು. ಎತ್ತರದ ಕಾಯಿಲೆ ತಡೆಯುವ ಡಯಾಮಾಕ್ಸ್ ಮಾತ್ರೆ 125 ಮಿಲಿಗ್ರಾಂ ದಿನಕ್ಕೆರಡು ಬಾರಿ ತೆಗೆದುಕೊಳ್ಳುವುದು ವಾಡಿಕೆ, ಆದರೆ ವೈದ್ಯರನ್ನು ಕೇಳದೆ ಬೇಡ. ಸಲ್ಫಾ ಅಲರ್ಜಿ ಇದ್ದರೆ ಅದನ್ನು ಅವರಿಗೆ ಮರೆಯದೆ ಹೇಳಿ. ಬೆರಳು ಜುಮ್ಮೆನ್ನುವುದು, ಮೂತ್ರ ಹೆಚ್ಚಾಗುವುದು ಆ ಮಾತ್ರೆಯಿಂದ ಸಹಜ. ವಿಮೆ 6,000 ಮೀಟರ್‌ವರೆಗಿನ ಚಾರಣಕ್ಕೆ ಅನ್ವಯಿಸುವಂಥದ್ದೇ ಇರಲಿ.

ಊಟ ನಿರೀಕ್ಷೆಗಿಂತ ಚೆನ್ನಾಗಿರುತ್ತದೆ. ಬಿಸಿ ಸೂಪು, ಅನ್ನ, ಚಪಾತಿ, ಗಂಜಿ, ಸಂಜೆಗೆ ಪಾಪ್‌ಕಾರ್ನ್ ಮತ್ತು ಚಹಾ. ಸಸ್ಯಾಹಾರಿಗಳು "ಮಾಂಸ ಬೇಡ" ಎಂದಷ್ಟೇ ಹೇಳಿದರೆ ಬೇಯಿಸಿದ ತರಕಾರಿಯಲ್ಲೇ ದಿನ ದೂಡಬೇಕಾದೀತು. ಅಲ್ಲಿಯವರು ಚೆನ್ನಾಗಿ ಮಾಡುವ "ಮಹರಾಗೆ" ಎಂಬ ಹುರುಳಿಕಾಯಿ ಬೀಜದ ಸಾರು ಬೇಕೆಂದು ಹೆಸರು ಹಿಡಿದು ಕೇಳಿ. ಎತ್ತರದಲ್ಲಿ ಹಸಿವು ಸಾಯುತ್ತದೆ. ಆಗ ಚಟ್ನಿಪುಡಿ, ಉಪ್ಪಿನಕಾಯಿ, ಹುರಿಗಡಲೆ ಬೆಲೆಬಾಳುವ ಸಾಮಾನು.

ಶಿಖರದ ರಾತ್ರಿ ಏರಲು ಆರರಿಂದ ಎಂಟು ಗಂಟೆ, ಗಾಳಿಯೊಡನೆ ಮೈನಸ್ ಹದಿನೈದರ ಚಳಿ. ನೀರಿನ ಚೀಲದ ಕೊಳವೆ ಮೊದಲು ಹೆಪ್ಪುಗಟ್ಟುತ್ತದೆ. ಆದ್ದರಿಂದ ಬಿಸಿನೀರನ್ನು ಅಗಲಬಾಯಿಯ ಬಾಟಲಿಗೆ ತುಂಬಿ, ಕಾಲುಚೀಲ ಹೊದಿಸಿ, ತಲೆಕೆಳಗಾಗಿ ಇಡಿ. ಮಂಜು ಮೇಲಿನಿಂದ ಕಟ್ಟುವುದರಿಂದ ಮುಚ್ಚಳದ ಕಡೆ ನೀರಾಗಿಯೇ ಉಳಿಯುತ್ತದೆ. ಹೆಡ್‌ಲ್ಯಾಂಪಿನ ಹೆಚ್ಚುವರಿ ಬ್ಯಾಟರಿ ಒಳಜೇಬಿನಲ್ಲಿರಲಿ. ಸ್ಟೆಲ್ಲಾ ಪಾಯಿಂಟ್‌ನಲ್ಲಿ ಜ್ವಾಲಾಮುಖಿ ಕುಳಿಯ ಅಂಚು ಮುಟ್ಟಿದ ಮೇಲೂ ಉಹುರುವಿಗೆ ಸುಮಾರು ಒಂದು ಗಂಟೆ ಇದೆ, ಶಕ್ತಿ ಉಳಿಸಿಕೊಳ್ಳಿ. ಅದೇ ದಿನ 3,100 ಮೀಟರ್‌ನ ಮ್ವೇಕಾ ಕ್ಯಾಂಪಿನವರೆಗೆ ಇಳಿಯಬೇಕು, ಅಂದರೆ 2,800 ಮೀಟರ್ ಇಳಿತ. ಜಾರುವ ಪುಡಿಗಲ್ಲಿನಲ್ಲಿ ಮಂಡಿಗಳನ್ನು ಕಾಯುವುದು ಎರಡು ಟ್ರೆಕಿಂಗ್ ಪೋಲ್‌ಗಳು. ಕಾಲುಗುರು ಕತ್ತರಿಸದೆ ಹೋದರೆ ಕಾಲಿನ ಹೆಬ್ಬೆರಳು ಕಪ್ಪಾಗುವುದು ಇಲ್ಲೇ.

ಮಾರ್ಚ್ ನಡುವಿನಿಂದ ಮೇವರೆಗೆ ಭಾರೀ ಮಳೆ, ನವೆಂಬರಿನಲ್ಲಿ ಸಣ್ಣ ಮಳೆ. ಜನವರಿ-ಫೆಬ್ರವರಿ ಅಥವಾ ಜುಲೈನಿಂದ ಅಕ್ಟೋಬರ್ ಸೂಕ್ತ. ಪ್ಲಾಸ್ಟಿಕ್ ಕೈಚೀಲಗಳನ್ನು ಟಾಂಜಾನಿಯಾ 2019ರಲ್ಲೇ ನಿಷೇಧಿಸಿದೆ. ಸಾಮಾನನ್ನು ಬಟ್ಟೆಚೀಲದಲ್ಲಿ ಕಟ್ಟಿ.

ಟಿಪ್ಸ್ ಪ್ಯಾಕೇಜಿನಲ್ಲಿ ಸೇರಿರುವುದಿಲ್ಲ. ತಲೆಗೆ 250ರಿಂದ 300 ಡಾಲರ್ ಬೇರೆ ಎತ್ತಿಡಿ. ಇಡೀ ಮೊತ್ತವನ್ನು ಮುಖ್ಯ ಗೈಡ್ ಕೈಗೆ ಒಪ್ಪಿಸಬೇಡಿ. ಯಾರಿಗೆಷ್ಟು ಎಂದು ಎಲ್ಲರೆದುರು ಓದಿ ಹೇಳಿ, ಸಾಧ್ಯವಾದರೆ ಪ್ರತಿ ಪೋರ್ಟರ್‌ಗೂ ನೇರವಾಗಿ ಕೊಡಿ. ಸಣ್ಣ ನೋಟುಗಳನ್ನು ಊರಿನಿಂದಲೇ ಒಯ್ಯಿರಿ. ಹಳೆಯ ಅಥವಾ ಹರಿದ ಡಾಲರ್ ನೋಟನ್ನು ಅಲ್ಲಿ ಯಾರೂ ಮುಟ್ಟುವುದಿಲ್ಲ.