ಎಸ್‌ಎಂಎಸ್ ಒಟಿಪಿ, ಆ್ಯಪ್, ಪುಶ್, ಸೆಕ್ಯುರಿಟಿ ಕೀ: ಆಫೀಸ್ ಲಾಗಿನ್‌ಗೆ ಯಾವುದು ಗಟ್ಟಿ?

ಕಂಪನಿಗಳ ಒಳಗೆ ನುಗ್ಗುವವರು ಎಷ್ಟೋ ಸಲ ಏನನ್ನೂ ಒಡೆಯುವುದಿಲ್ಲ. ಯಾರದ್ದೋ ಪಾಸ್‌ವರ್ಡ್ ಕದ್ದು ಆರಾಮಾಗಿ ಲಾಗಿನ್ ಆಗುತ್ತಾರೆ. ಹಾಗಾಗಿ ಪಾಸ್‌ವರ್ಡ್ ಜೊತೆ ಎರಡನೇ ತಪಾಸಣೆ ಇರಲೇಬೇಕು. ನಮ್ಮ ತಂಡಕ್ಕೆ ಯಾವುದು ಸರಿ ಅಂತ ನೋಡಲು ನಾಲ್ಕನ್ನೂ ಬಳಸಿದೆ. ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ: ಸೆಕ್ಯುರಿಟಿ ಕೀ (ಕಂಪ್ಯೂಟರ್‌ಗೆ ಚುಚ್ಚುವ ಪುಟ್ಟ ಸಾಧನ) ಒಂದು ಕಡೆ, ಉಳಿದ ಮೂರೂ ಇನ್ನೊಂದು ಕಡೆ.

ಎಸ್‌ಎಂಎಸ್ ಒಟಿಪಿ ಎಲ್ಲರಿಗೂ ಗೊತ್ತು, ಹೊಸದಾಗಿ ಕಲಿಸೋದು ಏನಿಲ್ಲ. ಆದರೆ ನಿಮ್ಮ ನಂಬರನ್ನು ಬೇರೆಯವರು ಮೋಸದಿಂದ ತಮ್ಮ ಸಿಮ್‌ಗೆ ಹಾಕಿಸಿಕೊಂಡರೆ ಕೋಡ್ ಅವರಿಗೇ ಹೋಗುತ್ತದೆ. 2018ರಲ್ಲಿ ರೆಡಿಟ್ ಎಂಬ ಚರ್ಚಾ ಜಾಲತಾಣಕ್ಕೆ ಕಳ್ಳರು ನುಗ್ಗಿದ್ದು ಉದ್ಯೋಗಿಗಳ ಎಸ್‌ಎಂಎಸ್ ಕೋಡ್ ಕದ್ದೇ.

ಫೋನಿನಲ್ಲೇ ಕೋಡ್ ತೋರಿಸುವ ಆಥೆಂಟಿಕೇಟರ್ ಆ್ಯಪ್ ಇದಕ್ಕಿಂತ ವಾಸಿ. 30 ಸೆಕೆಂಡಿಗೊಮ್ಮೆ ಹೊಸ 6 ಅಂಕಿ ಬರುತ್ತದೆ, ಸಿಗ್ನಲ್ ಇಲ್ಲದಿದ್ದರೂ ನಡೆಯುತ್ತದೆ. ಫೋನ್ ಬದಲಿಸುವಾಗ ಮಾತ್ರ ತಲೆನೋವು.

ಬಳಸಲು ಹಿತವಾಗಿದ್ದು ಪುಶ್. ಲಾಗಿನ್ ಆಗುವಾಗ ಫೋನಿಗೆ ಬರುವ ವಿನಂತಿಗೆ ‘ಒಪ್ಪಿಗೆ’ ಒತ್ತಿದರೆ ಮುಗೀತು. ಆ ಸಲೀಸುತನವೇ ಅದರ ಅಪಾಯ. 2022ರಲ್ಲಿ ಊಬರ್‌ನ ಗುತ್ತಿಗೆ ಕೆಲಸಗಾರರೊಬ್ಬರಿಗೆ ಕಳ್ಳರ ಲಾಗಿನ್ ಯತ್ನದಿಂದ ಮೇಲಿಂದ ಮೇಲೆ ಇಂಥ ವಿನಂತಿಗಳು ಬಂದವು, ಕೊನೆಗೆ ಒಂದನ್ನು ಒಪ್ಪಿಬಿಟ್ಟರು. ಪರದೆ ಮೇಲಿನ ಸಂಖ್ಯೆಯನ್ನು ಫೋನಿನಲ್ಲಿ ಟೈಪ್ ಮಾಡಿಸುವ ‘ನಂಬರ್ ಮ್ಯಾಚಿಂಗ್’ ಇದಕ್ಕೆ ಒಳ್ಳೆ ಮದ್ದು. ಪುಶ್ ಬಳಸುವುದಾದರೆ ಅದನ್ನು ಆನ್ ಮಾಡದೆ ಬಳಸಲೇಬೇಡಿ.

ಈ ಮೂರರಲ್ಲೂ ಒಂದೇ ತೂತಿದೆ. ಅಸಲಿಯಂತೆ ಕಾಣುವ ನಕಲಿ ಲಾಗಿನ್ ಪುಟ ಮಧ್ಯೆ ಕೂತು, ನೀವು ಕೊಟ್ಟಿದ್ದನ್ನೆಲ್ಲ ಆ ಕ್ಷಣವೇ ಅಸಲಿ ಸೈಟಿಗೆ ದಾಟಿಸುತ್ತದೆ. ನಾವು ಪರೀಕ್ಷೆಗೆಂದೇ ಅಂಥ ಪುಟ ಮಾಡಿ, ಟೆಸ್ಟ್ ಖಾತೆಯ ಪಾಸ್‌ವರ್ಡ್ ಮತ್ತು 6 ಅಂಕಿ ಹಾಕಿದೆವು. ಎರಡೂ ದಾಟಿದವು, ಆ ಕಡೆ ಲಾಗಿನ್ ಆಗಿಯೇ ಬಿಟ್ಟಿತು. ಅದೇ ಪುಟದಲ್ಲಿ ಯುಎಸ್‌ಬಿ ಕೀ ಚುಚ್ಚಿದಾಗ ಬ್ರೌಸರ್ ಒಪ್ಪಲೇ ಇಲ್ಲ. ಕೀ ನೋಂದಣಿಯಾಗಿದ್ದು ಅಸಲಿ ಸೈಟಿನ ವಿಳಾಸಕ್ಕೆ. ವಿಳಾಸದಲ್ಲಿ ಒಂದಕ್ಷರ ಬೇರೆಯಾದರೂ ಅದು ಉತ್ತರ ಕೊಡುವುದಿಲ್ಲ. ಮನುಷ್ಯನ ಕಣ್ಣು ಮೋಸ ಹೋದರೂ ಪರವಾಗಿಲ್ಲ, ಅಲ್ವಾ? 2022ರಲ್ಲಿ ಕ್ಲೌಡ್‌ಫ್ಲೇರ್ ಎಂಬ ಇಂಟರ್ನೆಟ್ ಭದ್ರತಾ ಕಂಪನಿಯಲ್ಲಿ ಆಗಿದ್ದೂ ಇದೇ. ಕೆಲವು ಉದ್ಯೋಗಿಗಳು ನಕಲಿ ಪುಟಕ್ಕೆ ಪಾಸ್‌ವರ್ಡ್ ಕೊಟ್ಟರೂ, ಕೀ ಇದ್ದಿದ್ದರಿಂದ ಕಳ್ಳರು ಒಳಗೆ ಬರಲಾಗಲಿಲ್ಲ.

ಕೀಗೆ ಖರ್ಚು ಜಾಸ್ತಿ. ಒಂದು ಕಳೆದರೆ ಅಂತ ಒಬ್ಬೊಬ್ಬರಿಗೆ ಎರಡು ಕೊಡಬೇಕು. ಹಳೆಯ ಸಾಫ್ಟ್‌ವೇರ್‌ಗಳಲ್ಲಿ ಅದು ನಡೆಯದೆಯೂ ಇರಬಹುದು. ಎಲ್ಲರಿಗೂ ಒಟ್ಟಿಗೆ ಆಗದಿದ್ದರೆ ಸಿಸ್ಟಮ್ ಅಡ್ಮಿನ್‌ಗಳು, ಅಕೌಂಟ್ಸ್‌ನವರು, ಮೇಲಧಿಕಾರಿಗಳಿಗೆ ಮೊದಲು ಕೊಡಿ. ಉಳಿದವರಿಗೆ ಸದ್ಯಕ್ಕೆ ನಂಬರ್ ಮ್ಯಾಚಿಂಗ್ ಇರಲಿ. ಕೀ ಕೊಟ್ಟವರ ಖಾತೆಯಲ್ಲಿ ‘ಬೇರೆ ದಾರಿಯಿಂದ ಲಾಗಿನ್’ ಅಂತ ಎಸ್‌ಎಂಎಸ್ ಉಳಿದಿದೆಯಾ ನೋಡಿ, ಇದ್ದರೆ ಅವತ್ತೇ ತೆಗೆದುಹಾಕಿ. ಅದು ಉಳಿದರೆ ಕಳ್ಳರು ಕೀ ಬಿಟ್ಟು ಆ ದಾರಿಯಲ್ಲೇ ಬರುತ್ತಾರೆ.