ಒಂದು ರೂಪಾಯಿಯ ಮೇಲೆ ಎಷ್ಟು ಹನಿ?

ನಮ್ಮ ಮನೆಗೆ ಎರಡು ನೀರು: ದಿನ ಬಿಟ್ಟು ದಿನ ಬರುವ ಕಾವೇರಿ, ಉಳಿದ ದಿನಗಳಿಗೆ ಬೋರ್‌ವೆಲ್. ಬೋರ್ ನೀರಿನಲ್ಲಿ ಸೋಪು ನೊರೆಯುವುದಿಲ್ಲ ಎಂಬುದು ಅಮ್ಮನ ಹಳೆಯ ದೂರು. ಕರಗಿದ ಲವಣಗಳು ನೀರಿನ ಮೇಲ್ಮೈಯನ್ನೇ ಬಿಗಿ ಮಾಡಿಬಿಡುತ್ತವೆ ಎಂದು ನಾನು ವಿವರಣೆ ಕೊಡುತ್ತಿದ್ದೆ. ಕಳೆದ ಭಾನುವಾರ ಒಂದು ರೂಪಾಯಿ ನಾಣ್ಯ, ಔಷಧದ ಖಾಲಿ ಡ್ರಾಪರ್ ಹಿಡಿದು ಕೂತೆ. ತುಳುಕುವ ಮುನ್ನ ನಾಣ್ಯದ ಮೇಲೆ ಎಷ್ಟು ಹನಿ ನಿಲ್ಲುತ್ತದೆ ಎಂಬುದೇ ಲೆಕ್ಕ: ಮೇಲ್ಮೈ ಬಿಗಿಯಾದಷ್ಟೂ ಹೆಚ್ಚು ನೀರು ನಿಲ್ಲಬೇಕು.

ಕಾವೇರಿ 28. ಬೋರ್ ಕೂಡ 28! ಹಠಕ್ಕೆ ಬಿದ್ದು ಒಂದು ಲೋಟ ಕಾವೇರಿಗೆ ಎರಡು ಚಮಚ ಅಡುಗೆ ಉಪ್ಪು ಕರಗಿಸಿದೆ: ಒಮ್ಮೆ 29, ಇನ್ನೊಮ್ಮೆ 27. ಶುದ್ಧ ನೀರಿನ ಮೇಲ್ಮೈ ಎಳೆತ, ಅಂದರೆ ಈ ಬಿಗಿತದ ಅಳತೆ, 25 ಡಿಗ್ರಿಯಲ್ಲಿ ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಲೀಟರಿಗೆ 58 ಗ್ರಾಂ ಉಪ್ಪು ಹಾಕಿದರೂ ಏರುವುದು 2ಕ್ಕಿಂತ ಕಡಿಮೆ. ಉಪ್ಪಿನ ಅಯಾನುಗಳಿಗೆ ಸುತ್ತಲೂ ನೀರು ಬೇಕು, ಮೇಲ್ಮೈಯ ಹಂಗು ಬೇಡ. ನನ್ನ ಡ್ರಾಪರಿಗೆ ಆ ಏರಿಕೆ ಎಲ್ಲಿ ಕಾಣಬೇಕು?

ಪಾತ್ರೆ ತೊಳೆಯುವ ದ್ರವ ಒಂದು ತೊಟ್ಟು ಬೆರೆಸಿದಾಗ 15. ಅದರ ಅಣುಗಳ ಬಾಲಕ್ಕೆ ನೀರೆಂದರೆ ಆಗದು. ಮೇಲ್ಮೈಗೆ ಬಂದು ನೆರೆಯುತ್ತವೆ, ಎಳೆತ 30ರ ಆಸುಪಾಸಿಗೆ ಕುಸಿಯುತ್ತದೆ. ನನ್ನ ಲೆಕ್ಕದಲ್ಲಿ ಒಂದು ಮೋಸವೂ ಇದೆ. ಎಳೆತ ತಗ್ಗಿದರೆ ಡ್ರಾಪರಿನಿಂದ ಬೀಳುವ ಹನಿಯೇ ಚಿಕ್ಕದು. ಹಾಗಾಗಿ ಆ 15ರ ಸೋಲು ಕಾಣುವುದಕ್ಕಿಂತ ದೊಡ್ಡದು.

ಗುಟ್ಟು ಬಯಲಾದದ್ದು ಸೋಪಿನಲ್ಲಿ. ಡಿಟರ್ಜೆಂಟ್ ಬಿಲ್ಲೆಯಲ್ಲ, ಎಣ್ಣೆಯಿಂದ ಮಾಡಿದ ಹಳೆಯ ಬಗೆಯ ಸೋಪು. ಕಾವೇರಿಯಲ್ಲಿ 14, ಬೋರ್‌ನಲ್ಲಿ 23. ಲೋಟದಲ್ಲಿ ಒಡೆದ ಹಾಲಿನಂಥ ಬಿಳಿ ಗಷ್ಟು. ಕ್ಯಾಲ್ಸಿಯಂ, ಮೆಗ್ನೀಸಿಯಂ ಸೇರಿ ಸೋಪನ್ನು ಕರಗದ ವಸ್ತುವಾಗಿಸಿಬಿಡುತ್ತವೆ. ಮೇಲ್ಮೈಗೆ ಹೋಗಲು ಸೋಪೇ ಉಳಿಯುವುದಿಲ್ಲ. ಲವಣಗಳು ನೀರನ್ನು ಬಿಗಿದಿರಲಿಲ್ಲ, ಸೋಪನ್ನು ತಿಂದಿದ್ದವು. ಪಾತ್ರೆಯ ದ್ರವ ಮಾತ್ರ ಬೋರ್‌ನಲ್ಲೂ 16ಕ್ಕೆ ನಿಂತಿತು. ಇಂಥ ಗಟ್ಟಿಗ ಡಿಟರ್ಜೆಂಟುಗಳಿಗೂ ಬೆಳ್ಳಂದೂರು ಕೆರೆಯ ನೊರೆಯಲ್ಲಿ ಪಾಲಿದೆ ಎಂಬುದನ್ನು ಮರೆಯಲಾಗದು.

ಕೊನೆಗೆ ಅಮ್ಮ ಅಂಟುವಾಳದ ಕಾಯಿ ನೆನೆಸಿದ ರಸ ತಂದಿಟ್ಟರು. ಕಾವೇರಿಯಲ್ಲಿ 19, ಬೋರ್‌ನಲ್ಲಿ 20. ಎಳೆತ ತಗ್ಗಿಸುವುದರಲ್ಲಿ ಡಿಟರ್ಜೆಂಟಿಗೆ ಸಾಟಿಯಲ್ಲ, ಆದರೆ ಬೋರ್ ನೀರಿಗೆ ಹೆದರಲಿಲ್ಲ. ನನ್ನ ಮತ ದ್ರವಕ್ಕೆ. ಅಮ್ಮನ ರೇಷ್ಮೆ ಸೀರೆಗಳಿಗೆ ಅಂಟುವಾಳ. ಸೋಪಿನ ಬಿಲ್ಲೆ ಇನ್ನು ಕಾವೇರಿ ಬರುವ ದಿನವಷ್ಟೇ ಹೊರಗೆ ಬರುತ್ತದೆ.